ಬೆಟ್ಟದೂರಿನಲ್ಲಿ ಆಹಾರ ನಡಿಗೆ: ಏರು ಮೊದಲು, ಊಟ ಆಮೇಲೆ

ಆಹಾರ ನಡಿಗೆ ಎಂದರೆ ಗುಂಪೊಂದನ್ನು ಅಂಗಡಿಯಿಂದ ಅಂಗಡಿಗೆ ನಡೆಸಿ ಊರಿನ ತಿನಿಸುಗಳ ರುಚಿ ತೋರಿಸುವ ಕಾರ್ಯಕ್ರಮ. ಬೆಟ್ಟದ ಮೇಲಿನ ಸಣ್ಣ ಊರಿನಲ್ಲಿ ಅದನ್ನು ಆರಂಭಿಸಿದವರ ದೂರುಗಳು ಹೆಚ್ಚುಕಡಿಮೆ ಒಂದೇ. ಮೂರನೆಯ ಅಂಗಡಿ ತಲುಪುವಷ್ಟರಲ್ಲಿ ಅರ್ಧ ಜನ ಏದುಸಿರು ಬಿಡುತ್ತಿರುತ್ತಾರೆ, ಉಳಿದರ್ಧ ಹೊಟ್ಟೆ ಹಿಡಿದುಕೊಂಡಿರುತ್ತಾರೆ. ನಾಲ್ಕನೆಯ ಅಂಗಡಿಯ ಒಲೆ ಇನ್ನೂ ಹೊತ್ತಿರುವುದಿಲ್ಲ. ಐದನೆಯದರ ಬಾಗಿಲು ಹಾಕಿರುತ್ತದೆ. ತಿನಿಸಿನ ಆಯ್ಕೆ ಕೆಟ್ಟದ್ದಾಗಿ ಹೀಗಾಗುವುದು ಅಪರೂಪ. ಕೆಲಸದ ಸರದಿ ತಲೆಕೆಳಗಾಗಿರುತ್ತದೆ. ಮೊದಲು ಇಷ್ಟದ ಅಂಗಡಿಗಳನ್ನು ಆರಿಸಿ, ಆಮೇಲೆ ಅವುಗಳ ನಡುವೆ ಗೆರೆ ಎಳೆದು ಅದನ್ನೇ ದಾರಿ ಎಂದುಕೊಂಡಿರುತ್ತಾರೆ. ಸಮತಟ್ಟಾದ ನಗರದಲ್ಲಿ ಇದು ನಡೆದೀತು. ಬೆಟ್ಟದಲ್ಲಿ ಇಳಿಜಾರು ಮೊದಲು, ಒಲೆಯ ಹೊತ್ತು ಎರಡನೆಯದು, ಅಂಗಡಿಯ ಹೆಸರು ಮೂರನೆಯದು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಇದೇ ಸರದಿಯಲ್ಲಿ ಮುಗಿಸಿ.

ಹಂತ 1: ದಾರಿಯನ್ನು ಇಳಿಜಾರಿನಿಂದ ಗುರುತಿಸಿ

ಊರಿನ ನಕ್ಷೆಯೊಂದನ್ನು ಮುಂದಿಟ್ಟುಕೊಳ್ಳಿ. ಎತ್ತರದ ರೇಖೆಗಳನ್ನು ತೋರಿಸುವ ಮೊಬೈಲ್ ನಕ್ಷೆಯೂ ಸಾಕು. ಊರಿನ ಅತಿ ಎತ್ತರದ ಜಾಗ, ಅತಿ ತಗ್ಗಿನ ಜಾಗ, ವಾಹನ ಬರುವ ರಸ್ತೆಗಳು, ಬರೀ ಮೆಟ್ಟಿಲುಗಳಿರುವ ಓಣಿಗಳು, ಇವಿಷ್ಟನ್ನು ಗುರುತು ಹಾಕಿ. ಅಂಗಡಿಗಳನ್ನು ಈಗಲೇ ಗುರುತಿಸಬೇಡಿ. ಗುರುತಿಸಿದರೆ ಮನಸ್ಸು ಅವುಗಳ ಕಡೆಗೇ ವಾಲುತ್ತದೆ.

ಈಗ ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಇವತ್ತಿಗೂ ಬಳಸುತ್ತಾರೆ: ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಅಂದರೆ 100 ಮೀಟರ್ ಏರಿಗೆ ಹತ್ತು ನಿಮಿಷ. ನಿಮ್ಮ ದಾರಿ 2 ಕಿಲೋಮೀಟರ್ ಇದ್ದು ಒಟ್ಟು 120 ಮೀಟರ್ ಏರಿದರೆ 24 ಮತ್ತು 12 ಸೇರಿ 36 ನಿಮಿಷ. ಇದು ಗಟ್ಟಿಮುಟ್ಟಾದ ಚಾರಣಿಗರು ನಿಲ್ಲದೆ ನಡೆದಾಗಿನ ಲೆಕ್ಕ. ಫೋಟೊ ತೆಗೆಯುವವರು, ಮಕ್ಕಳ ಕೈ ಹಿಡಿದವರು, ಹೊಸ ಬೂಟು ಹಾಕಿಕೊಂಡು ಬಂದವರು ಇರುವ ಗುಂಪಿಗೆ ಅದನ್ನು ದುಪ್ಪಟ್ಟು ಮಾಡಿ. ಮೂರು ಗಂಟೆಯ ಕಾರ್ಯಕ್ರಮಕ್ಕೆ 2 ಕಿಲೋಮೀಟರಿಗಿಂತ ಉದ್ದದ ದಾರಿ ಬೇಡವೇ ಬೇಡ. ಎರಡು ನಿಲುಗಡೆಗಳ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ನಡಿಗೆ ಬಂದರೆ ತಿನಿಸಿನ ನೆನಪು ಹೋಗಿ ಸುಸ್ತಿನ ನೆನಪು ಉಳಿಯುತ್ತದೆ.

ಏರು ಎಲ್ಲಿ ಬರಬೇಕು ಎನ್ನುವುದು ಇಡೀ ಯೋಜನೆಯ ತಿರುಳು. ಉಂಡ ಮೇಲೆ ಜೀರ್ಣಕ್ರಿಯೆಗೆಂದು ಕರುಳಿನ ಕಡೆಗೆ ರಕ್ತದ ಹರಿವು ಹೆಚ್ಚುತ್ತದೆ. ಅದೇ ಹೊತ್ತಿಗೆ ಮೆಟ್ಟಿಲು ಹತ್ತಿಸಿದರೆ ಕಾಲಿನ ಸ್ನಾಯುಗಳೂ ತಮ್ಮ ಪಾಲು ಕೇಳುತ್ತವೆ. ಹೊಟ್ಟೆ ತೊಳಸುವುದು, ಪಕ್ಕೆ ಹಿಡಿಯುವುದು ಆಗಲೇ. ಆದ್ದರಿಂದ ಏರಿನ ಬಹುಪಾಲನ್ನು ಮೊದಲ ಮೂರನೇ ಒಂದು ಭಾಗದಲ್ಲಿ, ಹೊಟ್ಟೆ ಹಗುರವಾಗಿರುವಾಗಲೇ ಮುಗಿಸಿ. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ಎಲ್ಲರನ್ನೂ ಮೇಲಿನ ತುದಿಯಲ್ಲೇ ಸೇರಿಸಿ, ಕೆಳಮುಖವಾಗಿ ನಡೆಸುವುದು. ಬಸ್ ನಿಲ್ದಾಣ ತಗ್ಗಿನಲ್ಲಿದ್ದರೆ ಅಲ್ಲಿಂದ ಮೇಲಕ್ಕೆ ವಾಹನದ ವ್ಯವಸ್ಥೆ ಮಾಡಿ ಆ ಖರ್ಚನ್ನು ಶುಲ್ಕದಲ್ಲೇ ಸೇರಿಸಿಬಿಡಿ. ಜಿಪುಣತನಕ್ಕೆ ಇದು ಜಾಗವಲ್ಲ.

ಹಾಗೆಂದು ಇಳಿಯುವುದು ಸುಲಭ ಎಂದುಕೊಳ್ಳಬೇಡಿ. ಕಾಲು ಜಾರುವುದು ಇಳಿಯುವಾಗಲೇ, ಅದರಲ್ಲೂ ಕೈಯಲ್ಲಿ ತಟ್ಟೆ, ಲೋಟ ಇದ್ದಾಗ. ಬಿಸಿಲು ಬೀಳದ ಪಕ್ಕದ ಕಲ್ಲುಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿರುತ್ತದೆ, ತೇವ ಮಧ್ಯಾಹ್ನವಾದರೂ ಆರಿರುವುದಿಲ್ಲ. ಕೈಹಿಡಿ ಇಲ್ಲದ ಮೆಟ್ಟಿಲುಗಳಿದ್ದರೆ ಸುತ್ತುದಾರಿ ಹುಡುಕಿ. ನಡೆಯುತ್ತಾ ತಿನ್ನುವುದನ್ನು ಮೊದಲೇ ನಿಷೇಧಿಸಿಬಿಡಿ.

ದಾರಿ ತೀರ್ಮಾನವಾದ ಮೇಲೆ ಮೆಟ್ಟಿಲುಗಳನ್ನು ಎಣಿಸಿ ಆ ಸಂಖ್ಯೆಯನ್ನು ಪ್ರಕಟಣೆಯಲ್ಲಿ ಹಾಕಿ. "ಸುಲಭದ ನಡಿಗೆ" ಎಂಬ ಮಾತಿಗೆ ಅರ್ಥವೇ ಇಲ್ಲ. ಬೆಟ್ಟದ ಜನ "ಇಲ್ಲೇ ಹತ್ತಿರ" ಎನ್ನುವುದನ್ನು ಅಳತೆಯೆಂದು ನಂಬಿ ಕೆಟ್ಟವರು ಬಹಳ. ಗಾಲಿಕುರ್ಚಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಇಳಿಜಾರು 12ಕ್ಕೆ 1, ಅಂದರೆ 12 ಅಡಿ ಸಾಗಿದಾಗ ಒಂದು ಅಡಿ ಏರು. ನಿಮ್ಮ ದಾರಿ ಅದಕ್ಕಿಂತ ಕಡಿದಾಗಿದ್ದರೆ ಹಾಗೆಂದೇ ಬರೆಯಿರಿ. ಬಂದ ಮೇಲೆ ವಾಪಸ್ ಕಳಿಸುವ ಪ್ರಸಂಗ ಬರಬಾರದು.

ಹಂತ 2: ಒಲೆಯ ಹೊತ್ತನ್ನು ತಿಳಿಯಿರಿ

ಗುರುತಿಸಿದ ದಾರಿಯ ಇಕ್ಕೆಲಗಳಲ್ಲಿ ಇರುವ ಅಂಗಡಿ, ಬೇಕರಿ, ಉಪಾಹಾರಗೃಹಗಳನ್ನು ಈಗ ಪಟ್ಟಿ ಮಾಡಿ. ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ಅತ್ಯುತ್ತಮವಾದದ್ದು ಒಲೆಯಿಂದ ಇಳಿಯುವುದು ಎಷ್ಟು ಹೊತ್ತಿಗೆ? ಅಂಗಡಿ ತೆರೆಯುವ ಹೊತ್ತು ನಿಮಗೆ ಮುಖ್ಯವಲ್ಲ. ಬೆಳಿಗ್ಗೆ ಬಿಸಿಯಾಗಿದ್ದದ್ದು ಸಂಜೆಗೆ ಮತ್ತೆ ಬಿಸಿ ಮಾಡಿದ್ದಾಗಿರುತ್ತದೆ, ಜನ ಅದನ್ನೇ ಆ ಊರಿನ ರುಚಿ ಎಂದುಕೊಂಡು ಹೋಗುತ್ತಾರೆ.

ಎತ್ತರದ ಊರಿನಲ್ಲಿ ಬೇಯುವುದಕ್ಕೆ ಹೆಚ್ಚು ಹೊತ್ತು ಬೇಕು. ಗಾಳಿಯ ಒತ್ತಡ ಕಡಿಮೆಯಾದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ: ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್, 2,000 ಮೀಟರ್ ಎತ್ತರದಲ್ಲಿ ಸುಮಾರು 93, 3,000 ಮೀಟರಿನಲ್ಲಿ ಸುಮಾರು 90. ಕುದಿಯುವ ನೀರಿನಲ್ಲಿ ಬೇಯಬೇಕಾದ ಕಾಳು, ಬೇಳೆ, ಮಾಂಸ ಎಲ್ಲವೂ ನಿಧಾನವಾಗುತ್ತವೆ. ಜೊತೆಗೆ, ಏರಿದ ಪ್ರತಿ ಸಾವಿರ ಮೀಟರಿಗೆ ಹೊರಗಿನ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುವುದರಿಂದ ತಟ್ಟೆಗೆ ಹಾಕಿದ್ದು ಬೇಗ ಆರುತ್ತದೆ. ಬಯಲುಸೀಮೆಯ ಹೋಟೆಲಿನ ಅಂದಾಜನ್ನು ಇಲ್ಲಿಗೆ ತಂದು "ಐದು ನಿಮಿಷ ಮೊದಲು ಫೋನ್ ಮಾಡಿದರೆ ಸಾಕಲ್ಲವೇ" ಎಂದರೆ ಅಡುಗೆಯವರು ಸೌಜನ್ಯಕ್ಕೆ ಹೂಂ ಎಂದಾರು. ಗುಂಪು ಬಂದು ಅರ್ಧ ಗಂಟೆ ಚಳಿಯಲ್ಲಿ ನಿಂತಿರುತ್ತದೆ.

ರಜಾದಿನಗಳನ್ನೂ ಬರೆದುಕೊಳ್ಳಿ. ಸಣ್ಣ ಊರಿನಲ್ಲಿ ಅಂಗಡಿಯವರು ಒಬ್ಬರಿಗೊಬ್ಬರು ನೆಂಟರಾಗಿರುವುದು ಸಾಮಾನ್ಯ. ಒಂದು ಮನೆಯಲ್ಲಿ ಮದುವೆಯಾದರೆ ಮೂರು ಅಂಗಡಿಗಳ ಬಾಗಿಲು ಮುಚ್ಚುತ್ತದೆ. ಗುಡ್ಡ ಕುಸಿದು ರಸ್ತೆ ಬಂದಾದ ದಿನ ತರಕಾರಿ, ಅಡುಗೆ ಅನಿಲ ಎರಡೂ ಬರುವುದಿಲ್ಲ. ಆದ್ದರಿಂದ ಪ್ರತಿ ಎರಡು ನಿಲುಗಡೆಗೆ ಒಂದು ಮೀಸಲು ನಿಲುಗಡೆ ಇರಲಿ, ಅದು ಬೇರೆ ಕುಟುಂಬದ್ದಾಗಿರಲಿ.

ಹಂತ 3: ಅಂಗಡಿಯವರೊಂದಿಗೆ ಮಾತುಕತೆ

ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ಮೊದಲು ಕೊಂಡು ತಿನ್ನಿ, ಆಮೇಲೆ ಮಾತು ತೆಗೆಯಿರಿ. ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತಿಗೆ, ತಲೆಗೆ ಎಷ್ಟು ಪ್ರಮಾಣ, ದುಡ್ಡು ಯಾವಾಗ, ರದ್ದಾದರೆ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಪೂರ್ತಿ ತಟ್ಟೆ ಬೇಡ, ಮೂರನೇ ಒಂದು ಭಾಗ ಸಾಕು ಎನ್ನುವುದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಅಡುಗೆಯವರಿಗೆ ಕಡಿಮೆ ಬಡಿಸುವುದೆಂದರೆ ಅವಮಾನ. ಒಮ್ಮೆ ಅವರ ಕೈಯಿಂದಲೇ ಬಡಿಸಿ ತೋರಿಸಲು ಕೇಳಿ, ಆ ತಟ್ಟೆಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಜಗಳಗಳೆಲ್ಲ ಅದರಿಂದ ತಪ್ಪುತ್ತವೆ.

ಕಮಿಷನ್ ಕೇಳಬೇಡಿ. ಮಾಮೂಲಿ ಬೆಲೆ ಕೊಟ್ಟು, ಹೊತ್ತಿಗೆ ಸರಿಯಾಗಿ ಹೋಗುವ ಗಿರಾಕಿಯಾಗಿರಿ. ಕಮಿಷನ್ ಪಡೆದ ದಿನದಿಂದ ನಿಮ್ಮ ಗುಂಪಿಗೆ ಬರುವುದು ನಿನ್ನೆಯ ಮಾಲು.

ಅಡುಗೆಮನೆಯನ್ನು ನೋಡದೆ ಒಪ್ಪಂದ ಮಾಡಿಕೊಳ್ಳಬೇಡಿ. ಕೈತೊಳೆಯುವ ಜಾಗದಲ್ಲಿ ಸೋಪು ಇದೆಯೇ, ಹಸಿ ಮಾಂಸ ಹೆಚ್ಚುವ ಹಲಗೆಯೂ ತಿನ್ನಲು ಸಿದ್ಧವಾದದ್ದನ್ನು ಹೆಚ್ಚುವ ಹಲಗೆಯೂ ಬೇರೆಬೇರೆಯೇ, ಬೇಯಿಸಿದ್ದು ಹೊರಗೆ ಎಷ್ಟು ಹೊತ್ತು ಕುಳಿತಿರುತ್ತದೆ ಎಂದು ನೋಡಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ. ಬೇಯಿಸಿದ ಆಹಾರ ಆ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಕೂಡದು. ವಿದ್ಯುತ್ ಹೋಗುವುದು ಮಾಮೂಲಾಗಿರುವ ಊರಾದರೆ ಫ್ರಿಜ್ಜನ್ನು ನಂಬಿದ ತಿನಿಸುಗಳನ್ನು ಪಟ್ಟಿಯಿಂದಲೇ ತೆಗೆಯಿರಿ. ಕಣ್ಣೆದುರು ಬೆಂದು ಬಿಸಿಯಾಗಿ ಬರುವುದೇ ಬೆಟ್ಟದಲ್ಲಿ ಕ್ಷೇಮ.

ಮಾರ್ಗದರ್ಶಿಯ ಪರವಾನಗಿ, ವಿಮೆ, ಗುಂಪು ಸೇರಿಸಲು ಅನುಮತಿ, ಇವುಗಳ ನಿಯಮ ಊರಿಂದೂರಿಗೆ ಬೇರೆ. ಸ್ಥಳೀಯ ಆಡಳಿತದ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹಂತ 4: ತಿನಿಸುಗಳ ಸರದಿ ಮತ್ತು ಪ್ರಮಾಣ

ಐದು ನಿಲುಗಡೆ ಸಾಕು, ಆರು ಗರಿಷ್ಠ. ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದರೆ ಒಬ್ಬರ ಪೂರ್ತಿ ಊಟಕ್ಕಿಂತ ಸ್ವಲ್ಪ ಹೆಚ್ಚು ಆಗಬೇಕು, ಅಷ್ಟೆ. ಹೊಸಬರು ಪ್ರತಿ ನಿಲುಗಡೆಯನ್ನೂ ಪ್ರತ್ಯೇಕವಾಗಿ ನೋಡಿ "ಇದೇನು ಇಷ್ಟೇನಾ" ಎಂದು ಹೆಚ್ಚಿಸುತ್ತಾ ಹೋಗುತ್ತಾರೆ. ಮೂರನೆಯ ನಿಲುಗಡೆಯ ಹೊತ್ತಿಗೆ ತಟ್ಟೆಗಳಲ್ಲಿ ಅರ್ಧ ಉಳಿದಿರುತ್ತದೆ, ಅಡುಗೆಯವರ ಮುಖ ಸಣ್ಣದಾಗುತ್ತದೆ.

ಸೇರಿದ ಹತ್ತು ನಿಮಿಷದೊಳಗೆ ಎಲ್ಲರ ಕೈಗೂ ಏನಾದರೂ ಬಿಸಿಯಾದದ್ದು ಬರಬೇಕು, ಅದು ಹಗುರವಾಗಿರಬೇಕು. ಆಹಾರ ನಡಿಗೆಗೆಂದು ಜನ ಹಸಿದುಕೊಂಡೇ ಬಂದಿರುತ್ತಾರೆ. ಇತಿಹಾಸ ಹೇಳುತ್ತಾ ನಿಲ್ಲಿಸಿದರೆ ಶಾಪ ಹಾಕುತ್ತಾರೆ. ಅದಾದ ಮೇಲೆ ಏರು. ಏರಿನ ತುದಿಯಲ್ಲಿ ನೀರು ಮತ್ತು ಐದು ನಿಮಿಷದ ವಿರಾಮ. ನಂತರ ಸಪ್ಪೆಯಿಂದ ಖಾರಕ್ಕೆ, ಹಗುರದಿಂದ ಜಿಡ್ಡಿಗೆ ಸಾಗಿ. ಅತಿ ಖಾರದ್ದನ್ನು ಮೊದಲೇ ಕೊಟ್ಟರೆ ಆಮೇಲಿನದ್ದೆಲ್ಲ ನಾಲಗೆಗೆ ತಿಳಿಯುವುದೇ ಇಲ್ಲ. ಖಾರ ತಡೆಯದವರಿಗೆ ನೀರು ಕೊಡುವುದು ವ್ಯರ್ಥ, ಮೆಣಸಿನಕಾಯಿಯ ಉರಿಯ ಅಂಶ ನೀರಿನಲ್ಲಿ ಕರಗುವುದಿಲ್ಲ. ಹಾಲು ಅಥವಾ ಮೊಸರು ಕೆಲಸ ಮಾಡುತ್ತದೆ. ಭಾರವಾದದ್ದು ನಾಲ್ಕನೆಯ ನಿಲುಗಡೆಗೆ, ಕುಳಿತುಕೊಳ್ಳಲು ಕುರ್ಚಿ ಇರುವ ಜಾಗದಲ್ಲಿ. ಅಲ್ಲಿಂದ ಮುಂದೆ ಒಂದು ಮೆಟ್ಟಿಲೂ ಮೇಲಕ್ಕೆ ಹತ್ತಿಸಬಾರದು. ಸಿಹಿ ಕೊನೆಗೆ.

ಮದ್ಯದ ರುಚಿ ನೋಡಿಸುವ ಯೋಚನೆಯಿದ್ದರೆ ಅದನ್ನು ಎಲ್ಲ ಮೆಟ್ಟಿಲುಗಳೂ ಮುಗಿದ ಮೇಲೆ ಇಡಿ. ಎತ್ತರದ ಊರಾದರೆ ಆ ದಿನವಷ್ಟೇ ಬಂದಿಳಿದವರಿಗೆ ಬೇಡ.

ಹಂತ 5: ಬುಕಿಂಗ್ ಹೊತ್ತಿನಲ್ಲೇ ಕೇಳಬೇಕಾದದ್ದು

ಅಲರ್ಜಿ, ತಿನ್ನದ ಪದಾರ್ಥಗಳು, ಮಂಡಿ ನೋವು, ಉಸಿರಾಟದ ತೊಂದರೆ, ಗರ್ಭಿಣಿಯರು ಇದ್ದಾರೆಯೇ, ಊರಿಗೆ ಬಂದು ಎಷ್ಟು ದಿನವಾಯಿತು, ಇಷ್ಟನ್ನು ಹಣ ಕಟ್ಟುವ ಮೊದಲೇ ಕೇಳಿ. ನಡಿಗೆಯ ದಿನ ಬೆಳಿಗ್ಗೆ ಕೇಳಿದರೆ ಉತ್ತರ ಸಿಕ್ಕರೂ ಮಾಡುವುದಕ್ಕೇನೂ ಇರುವುದಿಲ್ಲ.

ಅಲರ್ಜಿಯ ವಿಷಯದಲ್ಲಿ ಮಾರ್ಗದರ್ಶಿಗಳು ಎಡವುವುದು ಅಂಗಡಿಯವರನ್ನು ಕೇಳುವ ರೀತಿಯಲ್ಲಿ. "ಇದರಲ್ಲಿ ಕಡಲೆಕಾಯಿ ಇಲ್ಲ ತಾನೆ?" ಎಂದರೆ "ಇಲ್ಲ" ಎಂಬ ಉತ್ತರ ಸಲೀಸಾಗಿ ಬರುತ್ತದೆ. ಹಾಗೆ ಕೇಳದೆ, "ಇದಕ್ಕೆ ಏನೇನು ಹಾಕುತ್ತೀರಿ? ಎಣ್ಣೆ ಯಾವುದು? ಅದೇ ಬಾಣಲೆಯಲ್ಲಿ ಬೇರೇನು ಕರಿಯುತ್ತೀರಿ?" ಎಂದು ಕೇಳಿ. ಪುಡಿ, ಸಾಸು ಹೊರಗಿನಿಂದ ಬಂದದ್ದಾದರೆ ಪೊಟ್ಟಣದ ಮೇಲಿನ ಬರಹವನ್ನೇ ಓದಿ. ಬಿಸಿ ಮಾಡಿದರೆ ಅಲರ್ಜಿಯ ಅಂಶ ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ 14 ಬಗೆಯ ಅಲರ್ಜಿಕಾರಕಗಳ ಪಟ್ಟಿಯಿದೆ. ನಿಮ್ಮ ಊರು ಯಾವ ದೇಶದಲ್ಲೇ ಇರಲಿ, ಆ ಪಟ್ಟಿಯನ್ನು ಎಡಕ್ಕೆ, ನಿಲುಗಡೆಗಳನ್ನು ಮೇಲಕ್ಕೆ ಬರೆದು ಒಂದು ಕೋಷ್ಟಕ ಮಾಡಿದರೆ ಒಂದೇ ನೋಟಕ್ಕೆ ಎಲ್ಲ ತಿಳಿಯುತ್ತದೆ. ತೀವ್ರ ಅಲರ್ಜಿ ಇರುವವರು ತಮ್ಮ ಅಡ್ರಿನಲಿನ್ ಚುಚ್ಚುಮದ್ದನ್ನು ತರದಿದ್ದರೆ ಅವರನ್ನು ಕರೆದೊಯ್ಯಬೇಡಿ. ಕಟುವಾಗಿ ಕೇಳಿಸಿದರೂ ಇದರಲ್ಲಿ ರಿಯಾಯಿತಿ ಇಲ್ಲ.

ಗುಂಪಿನ ಗಾತ್ರ ಎಂಟು. ಅದಕ್ಕಿಂತ ಹೆಚ್ಚಾದರೆ ಎರಡನೆಯ ಮಾರ್ಗದರ್ಶಿ ಬೇಕು. ಸಣ್ಣ ಅಂಗಡಿಯೊಳಗೆ ಹನ್ನೆರಡು ಜನ ನುಗ್ಗಿದರೆ ಮಾಮೂಲಿ ಗಿರಾಕಿಗಳು ಹೊರಗೆ ನಿಲ್ಲುತ್ತಾರೆ, ಅವರು ಆ ಊರಿನವರು, ನೀವು ಹೋದ ಮೇಲೂ ಆ ಅಂಗಡಿಯನ್ನು ಸಾಕುವವರು.

ಹಂತ 6: ಚೀಲದಲ್ಲಿ ಇರಬೇಕಾದ ವಸ್ತುಗಳು

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚ್, ಪವರ್ ಬ್ಯಾಂಕ್, ಕಾಗದದ ಮೇಲೆ ಮುದ್ರಿಸಿದ ನಕ್ಷೆ ಮತ್ತು ಫೋನ್ ಸಂಖ್ಯೆಗಳು (ಕಣಿವೆಯ ಕಡೆಯ ಓಣಿಗಳಲ್ಲಿ ಸಿಗ್ನಲ್ ನೆಚ್ಚಬೇಡಿ), ಹೆಚ್ಚುವರಿ ಮಳೆಯಂಗಿ ಎರಡು, ಕುಡಿಯುವ ನೀರು, ಕಸಕ್ಕೆ ಚೀಲ, ಚಿಲ್ಲರೆ ಹಣ, ಅಲರ್ಜಿಯ ಕೋಷ್ಟಕ. ಕಾಗದದ ಸೋಪು ಮರೆಯದಿರಿ. ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ವಾಂತಿಭೇದಿ ತರುವ ನೊರೊವೈರಸ್ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ನೀರಿನಲ್ಲಿ ತೊಳೆದ ಕೈಯೇ ಗಟ್ಟಿ.

ಕೊಡೆ ಬೇಡ. ಇಕ್ಕಟ್ಟಿನ ಓಣಿಯಲ್ಲಿ ಎಂಟು ಕೊಡೆ ಬಿಚ್ಚಿದರೆ ಎದುರಿನಿಂದ ಬರುವವರ ಕಣ್ಣಿಗೆ ಅಪಾಯ, ಇಳಿಯುವವರಿಗೆ ಕೈಹಿಡಿ ಹಿಡಿಯಲು ಕೈಯೇ ಇರುವುದಿಲ್ಲ.

ಹಂತ 7: ಪೂರ್ವಭಾವಿ ನಡಿಗೆ

ಇದನ್ನು ಬಿಟ್ಟವರೇ ಹೆಚ್ಚು. ಹಣ ಪಡೆಯದೆ, ಪರಿಚಯದ ನಾಲ್ಕೈದು ಜನರನ್ನು ಕರೆದುಕೊಂಡು, ನಿಜವಾದ ಕಾರ್ಯಕ್ರಮದ ವಾರ ಮತ್ತು ಹೊತ್ತಿಗೇ ಒಮ್ಮೆ ಪೂರ್ತಿ ನಡೆಯಿರಿ. ಅವರಲ್ಲಿ ಒಬ್ಬರು ಅರವತ್ತು ದಾಟಿದವರಾಗಿರಲಿ, ಒಂದು ಮಗುವಿರಲಿ, ಒಬ್ಬರಾದರೂ ಬಯಲು ಪ್ರದೇಶದಿಂದ ಹೊಸದಾಗಿ ಬಂದವರಾಗಿರಲಿ. ನಿಮ್ಮ ಬೆಟ್ಟದ ಕಾಲುಗಳು ನಿಮಗೆ ಸುಳ್ಳು ಹೇಳುತ್ತವೆ.

ಪ್ರತಿ ನಿಲುಗಡೆಯಲ್ಲೂ ಮೂರು ವಿಷಯ ಬರೆದುಕೊಳ್ಳಿ: ಒಳಹೊಕ್ಕ ಹೊತ್ತು ಮತ್ತು ಹೊರಬಂದ ಹೊತ್ತು, ಹತ್ತಿರದ ಶೌಚಾಲಯ, ಮತ್ತು ಆಂಬುಲೆನ್ಸ್ ಬಂದು ನಿಲ್ಲಬಹುದಾದ ಅತಿ ಹತ್ತಿರದ ಜಾಗ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಮೆಟ್ಟಿಲು ಓಣಿಯ ನಡುವೆ ಯಾರಾದರೂ ಕುಸಿದರೆ, ವಾಹನದ ರಸ್ತೆಗೆ ಹತ್ತಬೇಕೋ ಇಳಿಯಬೇಕೋ ಎಂದು ಆಗ ಯೋಚಿಸಲು ಕೂರುವಂತಿಲ್ಲ. ಯಾವ ನಿಲುಗಡೆಯಿಂದಲಾದರೂ ವಾಹನ ರಸ್ತೆ ಹತ್ತು ನಿಮಿಷಕ್ಕಿಂತ ದೂರವಿದ್ದರೆ ಆ ನಿಲುಗಡೆ ಎಷ್ಟೇ ರುಚಿಯಾಗಿರಲಿ, ಬಿಟ್ಟುಬಿಡಿ.

ಹಂತ 8: ನಡಿಗೆಯ ದಿನ

ಬೆಳಿಗ್ಗೆ ಎಲ್ಲ ಅಂಗಡಿಗಳಿಗೂ ಕರೆ ಮಾಡಿ. ಹವಾಮಾನ ನೋಡಿ: ಬೆಟ್ಟಗಳಲ್ಲಿ ಬೇಸಿಗೆಯ ಗುಡುಗುಮಳೆ ಮಧ್ಯಾಹ್ನದ ನಂತರ ಕಟ್ಟುವುದೇ ಹೆಚ್ಚು, ಆದ್ದರಿಂದ ಆ ಕಾಲದಲ್ಲಿ ಬೆಳಗಿನ ನಡಿಗೆ ಒಳ್ಳೆಯದು. ಗುಡುಗು ಕೇಳಿಸಿದೊಡನೆ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಡಬೇಡಿ.

ಹೇಳುವ ಮಾತೆಲ್ಲ ಅಂಗಡಿಗೆ ಹೋಗುವ ಮೊದಲೇ, ಅಗಲವಾದ ಜಾಗದಲ್ಲಿ ಮುಗಿದಿರಬೇಕು. ತಟ್ಟೆ ಬಂದ ಮೇಲೆ ಮಾತಾಡುವ ಮಾರ್ಗದರ್ಶಿಯ ಮುಂದೆ ತಿನಿಸು ಆರುತ್ತಿರುತ್ತದೆ, ಅಡುಗೆಯವರು ದೂರದಿಂದ ನೋಡುತ್ತಾ ಹಲ್ಲು ಕಡಿಯುತ್ತಿರುತ್ತಾರೆ. ಯಾರ ಮನೆಯ ಬಾಗಿಲ ಮುಂದೆಯೂ ಗುಂಪನ್ನು ನಿಲ್ಲಿಸಬೇಡಿ.

ಏರಿನಲ್ಲಿ ಗುಂಪಿನ ವೇಗ ಅತಿ ನಿಧಾನದವರ ವೇಗ. ಅವರನ್ನು ನಿಮ್ಮ ಹಿಂದೆಯೇ, ಎರಡನೆಯವರಾಗಿ ನಡೆಸಿ. ಕೊನೆಯಲ್ಲಿ ಬಿಟ್ಟರೆ ಅವರು ಬಂದು ಸೇರುವ ಹೊತ್ತಿಗೆ ಉಳಿದವರು ಹೊರಟಿರುತ್ತಾರೆ, ಅವರಿಗೆ ವಿರಾಮವೇ ಸಿಗುವುದಿಲ್ಲ. ಪ್ರತಿ ತಿರುವಿನಲ್ಲೂ ತಲೆ ಎಣಿಸಿ. ಹೊತ್ತು ಮೀರುತ್ತಿದೆ ಎನಿಸಿದರೆ ಬೇಗ ನಡೆಸಬೇಡಿ, ಒಂದು ನಿಲುಗಡೆಯನ್ನೇ ಕೈಬಿಡಿ. ಯಾವುದನ್ನು ಬಿಡುವುದೆಂದು ಮನೆಯಲ್ಲೇ ತೀರ್ಮಾನಿಸಿ ಬಂದಿರಿ.

ಹಂತ 9: ಎಚ್ಚರಿಕೆಯ ಚಿಹ್ನೆಗಳು

ಹರಟುತ್ತಿದ್ದವರು ಮೌನವಾದರೆ, ತಿನ್ನುವುದನ್ನು ನಿಲ್ಲಿಸಿದರೆ, ಗೋಡೆಗೆ ಒರಗಿದರೆ ಹೋಗಿ ಮಾತಾಡಿಸಿ. ಊರು 2,500 ಮೀಟರಿಗಿಂತ ಎತ್ತರದಲ್ಲಿದ್ದರೆ ತಲೆನೋವು, ವಾಕರಿಕೆ, ಸುಸ್ತು ಎತ್ತರದ ಕಾಯಿಲೆಯ ಲಕ್ಷಣವಾಗಿರಬಹುದು. ಆಹಾರ ನಡಿಗೆಯಲ್ಲಿ ಅದನ್ನು "ಏನೋ ತಿಂದದ್ದು ಸರಿಹೋಗಲಿಲ್ಲ" ಎಂದು ತಳ್ಳಿಹಾಕುವುದು ಬಹಳ ಸುಲಭ. ಅಂಥವರನ್ನು ಮೇಲಕ್ಕೆ ಹತ್ತಿಸಬೇಡಿ, ವಿಶ್ರಾಂತಿ ಕೊಡಿ. ನಡಿಗೆ ತೂರಾಡುತ್ತಿದ್ದರೆ, ಮಾತು ತೊದಲಿದರೆ, ಕುಳಿತಲ್ಲೇ ಉಸಿರು ಕಟ್ಟಿದರೆ ಕೂಡಲೇ ವೈದ್ಯರ ಸಹಾಯ ಬೇಕು, ತಗ್ಗಿಗೆ ಇಳಿಸಬೇಕು.

ತುಟಿ, ನಾಲಗೆ ಊದಿಕೊಳ್ಳುವುದು, ಮೈಮೇಲೆ ದದ್ದು, ದನಿ ಒರಟಾಗುವುದು, ಉಬ್ಬಸ, ತಲೆಸುತ್ತು: ಇವು ತೀವ್ರ ಅಲರ್ಜಿಯವು. ಕಾಯಬೇಡಿ. ಅವರ ಅಡ್ರಿನಲಿನ್ ಚುಚ್ಚುಮದ್ದನ್ನು ತೊಡೆಯ ಹೊರಭಾಗದ ನಡುವೆ ಕೊಡಿಸಿ, ತುರ್ತು ಸೇವೆಗೆ ಕರೆ ಮಾಡಿ, ಮಲಗಿಸಿ. ಉಸಿರಾಟ ಕಷ್ಟವಾದರೆ ಕೂರಿಸಬಹುದು. ಎದ್ದು ನಿಲ್ಲಿಸಬಾರದು, ವಾಹನದವರೆಗೂ ನಡೆಸಬಾರದು. ಮೆಟ್ಟಿಲು ಓಣಿಯ ಮಾತು ಮತ್ತೆ ಬಂತು: ಅವರನ್ನು ಹೊತ್ತೊಯ್ಯಬೇಕಾದೀತು. ಅಲರ್ಜಿಯ ಮಾತ್ರೆ ಅಡ್ರಿನಲಿನ್‌ಗೆ ಬದಲಿಯಲ್ಲ.

ಗಂಟಲಿಗೆ ಸಿಕ್ಕಿಕೊಂಡರೆ, ಕೆಮ್ಮಲು ಆಗುತ್ತಿರುವವರೆಗೂ ಕೆಮ್ಮಲು ಬಿಡಿ. ಕೆಮ್ಮು, ಮಾತು ನಿಂತರೆ ಮುಂದಕ್ಕೆ ಬಾಗಿಸಿ ಎರಡು ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಗುದ್ದಿ, ಫಲ ಕಾಣದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಿ, ಅಡ್ಡಿ ಹೊರಬರುವವರೆಗೆ ಎರಡನ್ನೂ ಮುಂದುವರಿಸಿ. ಗರ್ಭಿಣಿಯರಿಗೆ, ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಅವರ ವಿಧಾನ ಬೇರೆ. ಇದನ್ನೆಲ್ಲ ಓದಿ ಕಲಿಯಲಾಗದು, ಮೊದಲ ಗುಂಪನ್ನು ಕರೆದೊಯ್ಯುವ ಮೊದಲೇ ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ.

ಹಂತ 10: ಮುಗಿದ ಮೇಲೆ

ಅಂದಿನ ಹಣ ಅಂದೇ ಎಲ್ಲ ಅಂಗಡಿಗಳಿಗೂ ಸಂದಾಯವಾಗಲಿ. ಯಾವ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಬರೆದಿಡಿ, ಮುಂದಿನ ಬಾರಿ ಅಷ್ಟು ಕಡಿಮೆ ಹೇಳಿ. ಮೂರು ಬಾರಿ ಸತತವಾಗಿ ಉಳಿದ ತಿನಿಸು ನಿಮಗೆಷ್ಟೇ ಪ್ರಿಯವಾಗಿದ್ದರೂ ಅದನ್ನು ಬದಲಿಸುವುದೇ ಸರಿ.

ಮರುದಿನ ಎಲ್ಲರಿಗೂ ಒಂದು ಸಂದೇಶ ಕಳಿಸಿ ಆರೋಗ್ಯ ವಿಚಾರಿಸಿ. ಇಬ್ಬರು ಅಥವಾ ಹೆಚ್ಚು ಜನ ಹೊಟ್ಟೆ ಕೆಟ್ಟಿದೆ ಎಂದರೆ ಅವರೆಲ್ಲ ತಿಂದು ಉಳಿದವರು ತಿನ್ನದೇ ಇದ್ದದ್ದು ಯಾವುದೆಂದು ಕೇಳಿ ಹುಡುಕಿ, ಸ್ಥಳೀಯ ಆರೋಗ್ಯ ಇಲಾಖೆಗೆ ತಿಳಿಸಿ, ಆ ನಿಲುಗಡೆಗೆ ಮುಂದಿನ ಗುಂಪನ್ನು ಕರೆದೊಯ್ಯುವುದನ್ನು ನಿಲ್ಲಿಸಿ. ಗುಂಪಿನ ಸಂದೇಶಗಳಲ್ಲಿ ಅಂಗಡಿಯ ಹೆಸರು ಓಡಾಡುವುದಕ್ಕೆ ಮೊದಲು ಆ ಅಂಗಡಿಯವರನ್ನು ಎದುರಿಗೆ ಕೂತು ಮಾತಾಡಿಸಿ. ಒಂದೇ ನೀರಿನ ತೊಟ್ಟಿಯಿಂದ ಮೂರು ಅಂಗಡಿಗಳಿಗೆ ನೀರು ಹೋಗುವ ಊರಿನಲ್ಲಿ ತಪ್ಪು ಯಾರದ್ದೆಂದು ತಟ್ಟೆ ನೋಡಿ ಹೇಳಲಾಗುವುದಿಲ್ಲ.